ಬನ್ನಿ ಮುಟ್ಟದ ಕಳಕವ್ವ

ಮುಳಗುಂದದ ಕಳಕವ್ವ ಬಡಿದ ಖಡಕ್ ರೊಟ್ಟಿ ಗದಗಿನ ಖಾನಾವಳಿಗಳಿಗೆ ಹೋಗುತ್ತದೆ. ರೊಟ್ಟಿಗಿಂತ ಅವಳೇ ಖಡಕ್ ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ದಸರೆಯಲ್ಲಿ ಹಗೆಯವರೂ ಬನ್ನಿ ಎಲೆ ಕೊಟ್ಟು ಒಂದಾಗುವ ಊರಿನಲ್ಲಿ, ಗಂಡನ ಅಣ್ಣ ಚನ್ನಬಸವಣ್ಣ ತಂದ ಬನ್ನಿಯನ್ನು ಅವಳು ವರ್ಷವರ್ಷವೂ ಮುಟ್ಟದೆ ಕಳಿಸುತ್ತಾಳೆ.

ಕಾರಣ ಅವಳ ಮಗಳು ಶಿವರಂಜನಿ. ಹುಟ್ಟುವಾಗಲೇ ಹೃದಯದಲ್ಲಿ ತೂತಿದ್ದ ಹುಡುಗಿ. ಕೊರೊನಾ ಬಂದಾಗ ಡಾಕ್ಟರು ಬಿಡಿಸಿ ಹೇಳಿದ್ದರು: ಬಹಳಷ್ಟು ಮಕ್ಕಳಿಗೆ ಇದು ನೆಗಡಿ-ಜ್ವರದಂತೆ ಬಂದು ಹೋಗುತ್ತದೆ, ಆದರೆ ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ವಿಪರೀತ ಬೊಜ್ಜು ಇದ್ದವರಿಗೆ, ಎಳೆಗೂಸುಗಳಿಗೆ ಜೀವಕ್ಕೇ ಕುತ್ತಾಗಬಹುದು. ಕಳಕವ್ವ ಅಂದೇ ಬಾಗಿಲು ಹಾಕಿಕೊಂಡಳು. ರೊಟ್ಟಿಯನ್ನೂ ಕಿಟಕಿಯಿಂದಲೇ ಕೊಟ್ಟಳು.

ಆ ವರ್ಷದ ದಸರೆಗೆ ಚನ್ನಬಸವಣ್ಣ ತಾನೇ ಬಂದ. ಹಿರಿಯರು ಬನ್ನಿ ಹಿಡಿದು ಹೊಸ್ತಿಲಿಗೆ ಬಂದರೆ ತೆರೆಯದೆ ಇರುವುದು ಹೇಗೆ? ತೆರೆದಳು. ಅವನಿಗೆ ಜ್ವರವಿತ್ತು. ಗೊತ್ತಾದರೆ ಕಿರಾಣಿ ಅಂಗಡಿ ಮುಚ್ಚಿಸುತ್ತಾರೆಂದು ಗುಳಿಗೆ ನುಂಗಿ, ಬಾಯಿ ಮುಚ್ಚಿಕೊಂಡು ಬಂದಿದ್ದ. ಹುಡುಗಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ಮುದ್ದಿಟ್ಟ. ಅವನ ಕಿರಿಯ ಮಕ್ಕಳು ನಾಲ್ಕು ಸಲ ಸೀನಿ ಎದ್ದು ಆಡಿದವು. ಶಿವರಂಜನಿ ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ.

ಎಲ್ಲ ಶಿವನಿಚ್ಛೆ ಎಂದ ಆ ಮಹಾನುಭಾವ. ಜ್ವರದ ಸಂಗತಿಯನ್ನು ಮುಂದೆ ಅವನ ಹೆಂಡತಿಯೇ ಕಳಕವ್ವನ ಹತ್ತಿರ ಬಾಯಿಬಿಟ್ಟಳು. ಅಂದಿನಿಂದ ಕಳಕವ್ವನಿಗೆ ಬೇಕಾದದ್ದು ಒಂದೇ: ನಾಲ್ಕು ಮಂದಿಯ ಮುಂದೆ ಅವನ ತಪ್ಪು ಹೊರಬೀಳಬೇಕು. ಅವನು ಪ್ರತಿ ದಸರೆಗೂ ಬನ್ನಿ ತಂದ, ಆ ಮಾತೊಂದನ್ನು ತರಲಿಲ್ಲ.

ಈ ಸಲ ಬನ್ನಿಯ ಜೊತೆ ಮೊಮ್ಮಗನನ್ನೂ ತಂದ. ಎಳೆಗೂಸು, ಅದರ ಹೃದಯದಲ್ಲೂ ತೂತು. ಕಟ್ಟೆಯ ಮೇಲೆ ಓಣಿಯವರು ಕುಳಿತಿದ್ದರು. ಕೂಸಿನ ಮುಖ ನೋಡಿಯಾದರೂ ಕರಗುತ್ತಾಳೆಂದು ಅವಳತ್ತ ಚಾಚಿದ.

ಕಳಕವ್ವನ ಮೈ ಹಿಂದಿನ ದಿನದಿಂದ ಸುಡುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಒಮ್ಮೆ ಎತ್ತಿ ಮುದ್ದಿಟ್ಟರೆ ಮುಯ್ಯಿಗೆ ಮುಯ್ಯಿ. ಆ ಆಸೆ ಅವಳಿಗೆ ನಿಜವಾಗಿಯೂ ಆಯಿತು. ಕೈ ಮುಂದೆಯೂ ಬಂತು. ಆದರೆ ಹಿಂದೆಗೆದುಕೊಂಡು, ಸೆರಗು ಮೂಗಿಗೆ ಒತ್ತಿ, ಕಟ್ಟೆಯವರಿಗೆಲ್ಲ ಕೇಳುವಂತೆ ಹೇಳಿದಳು:

"ಭಾವಾರ, ಕೂಸಿನ್ನ ದೂರ ಹಿಡೀರಿ. ನನಗ ಜ್ವರ ಬಂದಾವ. ನೋಡ್ರಿ, ಹೇಳಾಕ ಒಂದು ಗಳಿಗಿ ಸೈತ ಹಿಡೀಲಿಲ್ಲ. ಅವತ್ತು ಜ್ವರ ಬಂದಾಗ ನೀವು ಇಷ್ಟು ಹೇಳಿದ್ರ, ನನ್ನ ಮಗಳು ಇವತ್ತು ಬನ್ನಿ ಕೊಟ್ಟು ನಿಮ್ಮ ಕಾಲಿಗೆ ಬೀಳ್ತಿದ್ಲು."

ಚನ್ನಬಸವಣ್ಣ ಕೂಸನ್ನು ಅವಚಿಕೊಂಡು ಹಿಂದೆ ಸರಿದ. ಕಟ್ಟೆಯವರೆಲ್ಲ ಅವನನ್ನೇ ನೋಡುತ್ತಿದ್ದರು. ಅವನ ಕೈಯ ಬನ್ನಿ ಹೊಸ್ತಿಲಲ್ಲಿ ಬಿತ್ತು. ಕಳಕವ್ವ ಕಸಬರಿಗೆ ತಂದು ಅದನ್ನು ಬೀದಿಗೆ ಗುಡಿಸಿ ಬಾಗಿಲು ಹಾಕಿಕೊಂಡಳು.