ಟಾಕ್ಸಿಕ್ ಪದ ಮತ್ತು ಹಸಿರು ಗಿಲಕಿ

ಟಾಕ್ಸಿಕ್ ಎನ್ನುವ ಇಂಗ್ಲಿಷ್ ಪದವನ್ನು ನಾನು ಸರಿಯಾಗಿ ಕಲಿತದ್ದು ಎಂ.ಎ. ತರಗತಿಯಲ್ಲಲ್ಲ, ಚನ್ನಪಟ್ಟಣದ ನಮ್ಮ ಬೀದಿಯಲ್ಲಿ. ಎರಡು ಸಾವಿರದ ಇಸವಿ ದಾಟಿದ್ದ ವರ್ಷಗಳು. ಹೆದ್ದಾರಿಯ ಉದ್ದಕ್ಕೂ ಕಾರ್ಖಾನೆಗಳು ಏಳುತ್ತಿದ್ದವು, ಅಂಗಡಿಗಳಲ್ಲಿ ಪ್ಲಾಸ್ಟಿಕ್ ಆಟಿಕೆ ತುಂಬಿತ್ತು. ಎದುರುಮನೆಯ ಮಾವ (ನೆಂಟರಲ್ಲ, ಹಾಗೆ ಕರೆಯುತ್ತಿದ್ದೆ) ಲೇತಿನಲ್ಲಿ ಮರದ ಗಿಲಕಿ ಕಡೆಯುತ್ತಿದ್ದರು. ಬಹಳ ತಿಂಗಳ ಮೇಲೆ ಅವರಿಗೊಂದು ಹೊರದೇಶದ ಆರ್ಡರ್ ಬಂದಿತ್ತು. ಜೊತೆಗೆ, ಪ್ರತಿ ಗಿಲಕಿಗೂ ಅಂಟಿಸಲು ಇಂಗ್ಲಿಷ್ ಚೀಟಿಗಳು: ‘ನಾನ್-ಟಾಕ್ಸಿಕ್’. ಇದೂ ತಪ್ಪಿದರೆ ಲೇತ್ ಮಾರಿ ಕಾರ್ಖಾನೆಯ ಗೇಟು ಕಾಯಲು ಹೋಗುವುದೆಂದು ಅವರು ಆಗಲೇ ತೀರ್ಮಾನಿಸಿದ್ದರು.

ಚೀಟಿ ಓದಿ ಹೇಳಲು ನನ್ನನ್ನು ಕರೆದರು. ವಿಷವಿಲ್ಲದ್ದು ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು, ಓದಿದ ಜಂಬ. ಇದರ ಮೂಲ ಗ್ರೀಕಿನಲ್ಲಿ ಬಿಲ್ಲು ಎನ್ನುವ ಪದ, ಬಾಣಕ್ಕೆ ಸವರುವ ವಿಷವನ್ನು ಗ್ರೀಕರು ಬಿಲ್ಲಿನ ಮದ್ದು ಎನ್ನುತ್ತಿದ್ದರು, ಬರುಬರುತ್ತಾ ಬಿಲ್ಲು ಮರೆತು ವಿಷವಷ್ಟೇ ಉಳಿಯಿತು, ಈಗ ಹೊಗೆಗೂ ಬಣ್ಣಕ್ಕೂ ಕಾರ್ಖಾನೆಯ ನೀರಿಗೂ ಇದೇ ಪದ ಎಂದು ಪಾಠ ಒಪ್ಪಿಸಿದೆ.

“ಬಾಣ ಬುಟ್ಟೋನು ದೂರದಲ್ಲಿ ನಿಂತಿರ್ತಾನೆ. ತಗಲಿದೋನ ಮುಖ ಅವನಿಗೆ ಕಾಣಾಕಿಲ್ಲ,” ಎಂದರು ಮಾವ.

ಈ ಮಾತು ಅವರದೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ, ಪ್ರಮಾಣ ಮಾಡಲಾರೆ. ಆ ದಿನದ ಡೈರಿಯಲ್ಲಿ ‘ಟಾಕ್ಸಿಕ್, ಬಿಲ್ಲು’ ಎಂದಷ್ಟೇ ಇದೆ. ಆದರೆ ಮುಂದಿನದರಲ್ಲಿ ನನಗೆ ಅನುಮಾನವಿಲ್ಲ.

ಗಿಲಕಿಗೆ ಬಳಿಯುವ ಅರಗಿಗೆ ಹೊಸದಾಗಿ ಬಣ್ಣ ಬೆರೆಸಿದಾಗಲೆಲ್ಲ ಮಾವ ಮೊದಲ ಗಿಲಕಿಯನ್ನು ಬೀದಿಯಲ್ಲಿ ಹಲ್ಲು ಬರುತ್ತಿರುವ ಮಗುವಿಗೆ ಕೊಡುತ್ತಿದ್ದರು. ಅವರಪ್ಪನ ಕಾಲದ ರೂಢಿ. ಮಗು ಕಚ್ಚಿ ಚೀಪಿದ ಮೇಲೆಯೇ ಉಳಿದವು ಪೆಟ್ಟಿಗೆಗೆ. ಆ ಸಲ ಹಲ್ಲು ಬರುತ್ತಿದ್ದದ್ದು ನಮ್ಮಕ್ಕನ ಮಗಳಿಗೆ. ಅವಳಿಗೆ ಹಳದಿ ಬಂದಿತ್ತು, ಕೆಂಪು ಬಂದಿತ್ತು. ಆದರೆ ಕಳಿಸುವ ಪೆಟ್ಟಿಗೆಯಲ್ಲಿ ಆಗಲೇ ಹಸಿರೂ ಇತ್ತು.

“ಮಾವ, ನಮ್ ಪಾಪುಗೆ ಹಸಿರು ಕೊಡ್ಲೇ ಇಲ್ವಲ್ಲ?”

ಅವರು ಲೇತ್ ನಿಲ್ಲಿಸಿದರು. ಅರಿಶಿನಕ್ಕೆ ನೀಲಿ ಬೆರೆಸಿದರೆ ಹಸಿರು ಮಂಕಾಗುತ್ತದೆ, ಗಿರಾಕಿಗೆ ಹೊಳಪು ಬೇಕು, ಅದಕ್ಕೆ ಪೇಟೆಯಿಂದ ಬಣ್ಣದ ಪುಡಿ ತಂದೆ ಎಂದರು. ಡಬ್ಬಿ ಕೊಟ್ಟು ಓದೆಂದರು. ತಿರುಗಿಸಿ ನೋಡಿದೆ. ಅದರ ಮೇಲೆ ಏನೂ ಬರೆದಿರಲಿಲ್ಲ.

“ನಿಮ್ಮನೆ ಮಗೀಗೆ ಕೊಡಾಕೆ ಕೈ ಬರ್ಲಿಲ್ಲ ಕಣವ್ವ,” ಎಂದರು. ಡಬ್ಬಿ ವಾಪಸು ತೆಗೆದುಕೊಂಡು, “ಅವರ ಮಗೀಗೆ ಹೆಂಗೆ ಕಳಿಸ್ಲಿ?”

ಹಸಿರನ್ನೆಲ್ಲ ಪೆಟ್ಟಿಗೆಯಿಂದ ಹೊರಗೆ ತೆಗೆದರು. ನಮ್ಮ ಹಸಿರು ಮಂಕಾಗಿಯೇ ಇರುತ್ತದೆ, ಬೇಡವಾದರೆ ತಿಳಿಸಿ ಎಂದು ಆರ್ಡರ್ ಕೊಟ್ಟವರಿಗೆ ಮಾವನ ಪರವಾಗಿ ನಾನೇ ಇಂಗ್ಲಿಷಿನಲ್ಲಿ ಬರೆದೆ. ಉತ್ತರ ಬರುವವರೆಗೆ ಮಾವ ಲೇತ್‌ಗೆ ಗಿರಾಕಿ ಹುಡುಕಲೂ ಇಲ್ಲ, ಹೊಸ ಮರ ಕೊಯ್ಯಿಸಲೂ ಇಲ್ಲ. ಮಂಕಾದರೂ ಸರಿ, ಕಳಿಸಿ ಎಂದು ಉತ್ತರ ಬಂತು.

ಮೊದಲ ಮಂಕು ಹಸಿರು ಗಿಲಕಿಯನ್ನು ಪಾಪು ಒಂದಿಡೀ ದಿನ ಚೀಪಿತು. ಮಾರನೆಯ ಬೆಳಿಗ್ಗೆ ನಾನು ಅಂಟು ಕಲಸಿಕೊಂಡು ಚೀಟಿ ಅಂಟಿಸಲು ಕುಳಿತೆ.