ಕಂಡಕ್ಟರ್ ಪಾಲುದಾರರು

ಬಾಡಿಗೆಗೆ ಕೊಡೋಣವೆಂದು ಕೊಳ್ಳೇಗಾಲದಲ್ಲಿ ನಾವು ಮೂವರು ಸೇರಿ ಮೊದಲ ಮನೆ ಕಟ್ಟಿಸಿದೆವು. ಮೂವರಲ್ಲಿ ಒಬ್ಬರು ರಿಟೈರಾದ ಕಂಡಕ್ಟರು. ಹನೂರು ಬಸ್ಸಿನಲ್ಲಿ ನಿಂತೇ ಸವೆದವರು; ಮಾತಾಡುವಾಗಲೂ ಕೈ ಮೇಲೆತ್ತಿ ಬಾಗಿಲ ಚೌಕಟ್ಟು ಹಿಡಿದಿರೋರು. ಮನೆ ಕೇಳಿಕೊಂಡು ಯಾರೇ ಬರಲಿ, “ಒಳಕ್ಕೋಗಿ, ಜಾಗ ಐತೆ” ಅನ್ನೋರು.

ಹಾಗೆ ಅಂದು ಅಂದು, ಒಂದೇ ಮನೆಯನ್ನು ಎರಡು ಸಂಸಾರಕ್ಕೆ ಕೊಡಲು ಒಪ್ಪಿಕೊಂಡುಬಿಟ್ಟರು. ಒಂದು ಬೆಳಿಗ್ಗೆ ಕಾಮಗೆರೆಯಿಂದ ಒಂದು, ಯಳಂದೂರಿನಿಂದ ಒಂದು, ಸಾಮಾನು ತುಂಬಿದ ಎರಡು ಗಾಡಿ ಬಂದು ನಿಂತವು. ನನಗೆ ಮೈಯೆಲ್ಲ ಉರಿಯಿತು.

“ಬಸ್ಸು ತುಂಬೈತೆ ಅಂತ ಯಾರ್ನೂ ಇಳಿಸ್ದೋನಲ್ಲ ಸಾ ನಾನು” ಅಂದವರೇ ಯಳಂದೂರಿನ ಗಾಡಿಯನ್ನು ತಮ್ಮ ಸ್ವಂತ ಮನೆಗೇ ತಿರುಗಿಸಿದರು.

ಸಂಜೆ ಅವರ ಮನೆಗೆ ಹೋಗಿ ನೋಡಿದರೆ ಹಜಾರದ ತುಂಬ ಯಳಂದೂರಿನವರು, ನಮ್ಮ ಪಾಲುದಾರರ ಕುರ್ಚಿಯಲ್ಲಿ ಆ ಸಂಸಾರದ ಅಜ್ಜಿ. ಕಂಡಕ್ಟರು ಮಾತ್ರ ಚೌಕಟ್ಟು ಹಿಡಿದು ನಿಂತಿದ್ದರು. ನನ್ನನ್ನು ಕಂಡು ಮುಖವರಳಿತು.

“ಒಳಕ್ಕೋಗಿ ಸಾ, ಜಾಗ ಐತೆ.”