ಹನುಮವ್ವನ ಕೆಂಡದ ಗಡಿಗೆ

ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಇನ್ನೂ ಕೋಳಿ ಕೂಗಿಲ್ಲ. ಆಗಲೇ ಹನುಮವ್ವನ ಮನೆಯಿಂದ ಟಪ್ ಟಪ್ ಎಂದು ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದೆ. ಗೋಡೆಯುದ್ದಕ್ಕೂ ಹಾಸಿದ ಬಿಳಿ ಅರಿವೆಯ ಮೇಲೆ ಜೋಳದ ರೊಟ್ಟಿಗಳು ಆರುತ್ತಿವೆ. ಆಕೆಯ ಕತೆ ಕೇಳಲು ಬಂದ ನಾನು ಒಂದನ್ನು ಮುಟ್ಟಲು ಕೈ ಚಾಚುತ್ತೇನೆ.

"ತಡೀರಿ ಅಕ್ಕಾರ! ಪೂರಾ ಆರಿ ಕಟಕ್ ಅನ್ನಬೇಕು. ಬಿಸಿ ಇದ್ದಾಗ ಗಂಟು ಕಟ್ಟಿದ್ರ ಎರಡನೇ ದಿನಕ್ಕ ಬೂಷ್ಟು ಹಿಡೀತಾವು. ಕಾಡಿನ್ಯಾಗ ಅದನ್ನ ತಿಂದು ಹೊಟ್ಟಿ ಹಿಡಕೊಂಡು ಕೂಡೋದು ಯಾರು?"

ಇಂದು ನಡಿಗೆ ಹೊರಡುವ ದಿನ. ಕಸರತ್ತಿನ ಮಾಸ್ತರರಾದ ದಸ್ತಗೀರಸಾಬರು ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಹುಡುಗರನ್ನು ಕಟ್ಟಿಕೊಂಡು ಕಲಘಟಗಿ ದಾಟಿ ಯಲ್ಲಾಪುರದ ಕಾಡಿನವರೆಗೆ ನಾಲ್ಕು ದಿನ ನಡೆಸುತ್ತಾರೆ. ಗಾಡಿಯಿಲ್ಲ, ಮೋಟಾರಿಲ್ಲ. ಅವರವರ ಗಂಟು ಅವರವರ ಬೆನ್ನಿಗೆ. ಅಷ್ಟೂ ಜನಕ್ಕೆ ಅಡಿಗೆ ಮಾಡುವವಳು ಹನುಮವ್ವ. ವಯಸ್ಸು ಐವತ್ತೊಂದು. ಕಂಬಳಿ ಮಡಚಿ ಹೊಲಿದ ಚೀಲದಲ್ಲಿ ಹದಿನೈದು ಸೇರು ತೂಕ ಹೊತ್ತು ಎಲ್ಲರಿಗಿಂತ ಮುಂದೆ ನಡೆಯುತ್ತಾಳೆ. ಹಿಂದೆ ಬಿದ್ದವರಿಗೆ, "ಏನ್ರೋ, ನಿಮ್ಮ ಕಾಲಿಗೆ ಎರಿಮಣ್ಣು ಹತ್ತೇತೇನ?" ಎಂದು ಕೂಗುತ್ತಾಳೆ!

ಈ ವಿದ್ಯೆ ಆಕೆಗೆ ಬಂದದ್ದು ಅಪ್ಪನಿಂದ. ಅಪ್ಪ ಅರಳೆಯ ಗಾಡಿ ಹೊಡೆದುಕೊಂಡು ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಿದ್ದ. ತಾಯಿಲ್ಲದ ಮಗಳು ಗಾಡಿಯ ಹಿಂದೆ. ಒಲೆಗೆ ಮೂರು ಕಲ್ಲು ಆರಿಸುವುದು, ಗಾಳಿ ನೋಡಿ ಹೂಡುವುದು, ಎಲ್ಲವನ್ನೂ ದಾರಿಯಲ್ಲೇ ಕಲಿತಳು. ಆಕೆಗೆ ಇಪ್ಪತ್ನಾಲ್ಕಾದಾಗ ಗಂಡ ತೀರಿಕೊಂಡ. ಆಮೇಲೆ ದುರ್ಗದಬೈಲಿನ ಖಾನಾವಳಿಯೊಂದರಲ್ಲಿ ದಿನಕ್ಕೆ ನೂರೈವತ್ತು ರೊಟ್ಟಿ ಬಡಿಯುತ್ತ ಬಂದಿದ್ದಾಳೆ. ಅಂಗೈ ತೋರಿಸಿದಳು. ರೇಖೆಗಳೆಲ್ಲ ಸವೆದು ನುಣ್ಣಗಾಗಿವೆ.

ಅಪ್ಪನಿಂದ ಬಂದ ಇನ್ನೊಂದು ಆಸ್ತಿ ಒಂದು ಮಣ್ಣಿನ ಗಡಿಗೆ. ಅದರ ತಳದಲ್ಲಿ ಕುಳ್ಳಿನ, ಅಂದರೆ ಬೆರಣಿಯ ಕೆಂಡ, ಮೇಲೆ ದಪ್ಪಗೆ ಬೂದಿ. ನೋಡಿದರೆ ಬರೀ ಬೂದಿ. ಊದಿದರೆ ಒಳಗೆ ಕೆಂಪಗೆ ಬೆಂಕಿ! ಈ ಬೆಂಕಿಯನ್ನು ಆಕೆ ನಾಲ್ಕೂ ದಿನ ಆರಗೊಡುವುದಿಲ್ಲ.

ಹೋದ ವರ್ಷ ಮೊದಲ ಸಲ ನಾಲ್ವರು ಹುಡುಗಿಯರೂ ನಡಿಗೆಗೆ ಹೊರಟರು. ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟಿತು. ಅರಳೆ ವ್ಯಾಪಾರಿ ಕುಬೇರಪ್ಪನವರು ಮಗಳು ಶರಣವ್ವನನ್ನು ಕಳಿಸಿದರೆಂದೇ ಉಳಿದ ಮೂವರ ಮನೆಯವರೂ ಹೂಂ ಅಂದರು. ಕುಬೇರಪ್ಪನವರ ಕರಾರು ಒಂದೇ: ಅಡಿಗೆ ಹನುಮವ್ವನದಾಗಬೇಕು, ಒಂದು ಹೊತ್ತು ಒಲೆ ಹೊತ್ತದಿದ್ದರೂ ಹೆಣ್ಣುಮಕ್ಕಳ ನಡಿಗೆ ಅಲ್ಲಿಗೇ ಮುಗಿಯಿತು.

ಎರಡನೇ ದಿನ ಸಂಜೆ ಬೇಡ್ತಿ ಹಳ್ಳ ದಾಟುವಾಗ ಮಾಸ್ತರರು ಕಾಲು ಜಾರಿ ಬಿದ್ದರು. ಎಲ್ಲರಿಗೂ ಸೇರಿ ಅವರ ಕಿಸೆಯಲ್ಲಿದ್ದ ಒಂದೇ ಕಡ್ಡಿಪೆಟ್ಟಿಗೆ ಅವರೊಡನೆ ಮುಳುಗಿ ಎದ್ದಿತು. ಹನುಮವ್ವನಿಗೇನೂ ಚಿಂತೆಯಿರಲಿಲ್ಲ, ಗಡಿಗೆಯಿತ್ತಲ್ಲ! ಮರುದಿನ ನಸುಕಿನಲ್ಲಿ ಆಕೆ ಮೈ ತೊಳೆಯಲು ಹೋದಾಗ ಶರಣವ್ವ ಎದ್ದಳು. ನಿನ್ನೆಯ ಬೂದಿ ತೆಗೆಯದೆ ಒಲೆ ಹೊತ್ತಿಸುವುದು ಅವರ ಮನೆಯಲ್ಲಿ ಇಲ್ಲ. ಸಹಾಯವಾಗಲೆಂದು ಗಡಿಗೆಯ ಬೂದಿಯನ್ನೆಲ್ಲ ಹಳ್ಳಕ್ಕೆ ಸುರಿದು, ತಿಕ್ಕಿ ತೊಳೆದು, ಕಲ್ಲಿನ ಮೇಲೆ ಬೋರಲು ಹಾಕಿದಳು.

"ಬಂದು ನೋಡ್ತೇನಿ, ಗಡಿಗಿ ಹೊಸಾದರಂಗ ಕಾಣಾಕತ್ತೇತಿ! ಮುಂದಿನ ಊರು ಎರಡು ಹರದಾರಿ, ಅಲ್ಲೀ ಮಟ ಬೆಂಕಿ ಸಿಗೂದಿಲ್ಲ. ಹುಡಿಗಿ ನನ್ನ ಮಾರಿ ನೋಡಿ ತಾನ ತಿಳಕೊಂಡು ಅಳಾಕ ಹತ್ತಿದ್ಲು. ಬಾಯಿ ಮುಚ್ಚವ್ವಾ ಅಂದೆ. ಎಲ್ಲಾರ ಹತ್ರ ಬಂದು ಹೇಳಿದೆ, ಇವತ್ತ ಒಲಿಗೆ ಸೂಟಿ, ಬೆಂಕಿ ಇಲ್ಲದ ಊಟ!"

ಊಟ ಆಕೆಯ ಬೆನ್ನ ಮೇಲೆಯೇ ಇತ್ತು. ಹೊರಟ ದಿನವೇ ನೆನೆಸಿದ ಹೆಸರುಕಾಳನ್ನು ಒದ್ದೆ ಅರಿವೆಯಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಳ್ಳುವುದು ಆಕೆಯ ರೂಢಿ. ಮೈಯ ಕಾವಿಗೆ ಕಾಳು ನಡೆಯುತ್ತಲೇ ಮೊಳಕೆ ಒಡೆದಿತ್ತು, ಬೆರಳ ಗೆಣ್ಣುದ್ದ! ಅದಕ್ಕೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಲಿಂಬೆಹುಳಿ, ಮೇಲೊಂದು ಗುಟುಕು ಕುಸುಬಿ ಎಣ್ಣೆ. ಹುಣಸೆಹಣ್ಣು, ಬೆಲ್ಲ ಕಿವುಚಿದ ನೀರಿನಲ್ಲಿ ಅದ್ದಿದ ಕಟಕ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಇಪ್ಪತ್ತೆರಡು ಜನ ಬೆರಳು ನೆಕ್ಕಿದರು. ಮಾಸ್ತರರು ಮೂರನೇ ಸಲ ಕೈ ಒಡ್ಡಿ, "ಹನುಮವ್ವಾ, ಇಷ್ಟು ವರ್ಷ ಸುಮ್ನ ನಮಗ ಹೊಗಿ ಕುಡಿಸಿದಿ ನೋಡು!" ಅಂದರಂತೆ.

ಕೆಂಡ ಚೆಲ್ಲಿದ ಗುಟ್ಟು ವರ್ಷವಿಡೀ ಇಬ್ಬರಲ್ಲೇ ಉಳಿಯಿತು; ಒಲೆ ಹೊತ್ತದ ಮಾತನ್ನೂ ಕರಾರಿನ ಅಂಜಿಕೆಗೆ ಯಾರೂ ಕುಬೇರಪ್ಪನವರ ಕಿವಿಗೆ ಹಾಕಲಿಲ್ಲ. ಮೊನ್ನೆ ಶರಣವ್ವ ಓಡಿ ಬಂದು, "ಆಯೀ, ಅಪ್ಪಾರ ಮುಂದ ಖರೇ ಹೇಳಿಬಿಟ್ಟೆ" ಅಂದಳು. "ಏನಂದ್ರು?" "ರುಮಾಲು ಸುತ್ತಿಕೊಂಡು ಪ್ಯಾಟಿಗೆ ಹೋಗಿಬಿಟ್ರು. ಅದ ಅಂಜಿಕಿ."

ಆದರೂ ಹನುಮವ್ವ ನಾಲ್ವರು ಹುಡುಗಿಯರ ಪಾಲಿನ ತೊಂಬತ್ತಾರು ರೊಟ್ಟಿ ಬಡಿದು ಬೇರೆ ಗಂಟು ಕಟ್ಟಿಟ್ಟಿದ್ದಾಳೆ. ಬೆಳಕು ಹರಿಯುತ್ತದೆ. ಹುಡುಗರು ಬಂದು ಅಂಗಳ ತುಂಬಿದ್ದಾರೆ. ಆ ಗಂಟು ಮಾತ್ರ ಮೂಲೆಯಲ್ಲೇ ಇದೆ. ಆಕೆ ಓಣಿಯ ತಿರುವನ್ನು ನೋಡುತ್ತಾಳೆ, ಗಡಿಗೆ ಊದುತ್ತಾಳೆ, ಮತ್ತೆ ತಿರುವು ನೋಡುತ್ತಾಳೆ.

ಮೊದಲು ಕಾಣುವುದು ಕುಬೇರಪ್ಪನವರ ರುಮಾಲು. ಅಂಗಳದ ಹುಡುಗರು ಸರಿದು ದಾರಿ ಬಿಡುತ್ತಾರೆ.

"ಹನುಮವ್ವಾ, ಹೋದ ವರ್ಷ ಒಂದು ಹೊತ್ತು ಒಲಿ ಹಚ್ಚಿದ್ದಿಲ್ಲಂತ?"

"ಹಚ್ಚಿದ್ದಿಲ್ರೀ ಸಾವಕಾರ್ರ."

"ನನಗ ಹೇಳಲಿಲ್ಲ."

"ತಪ್ಪಾತ್ರಿ. ಆದ್ರ ಯಾರ ಹೊಟ್ಟೀನೂ ಖಾಲಿ ಇದ್ದಿದ್ದಿಲ್ರಿ."

ಕುಬೇರಪ್ಪನವರ ಮೀಸೆ ಅಲುಗುತ್ತದೆ. "ಗೊತ್ತಾತು. ಒಂದು ವರ್ಷದಿಂದ ನಮ್ಮ ಮನ್ಯಾಗ ವಾರಕ್ಕ ಎರಡು ಸಲ ಮೊಳಕಿ ಹೆಸರ! ಈ ಹುಡಿಗಿಗೆ ಏನಾತಪಾ ಅಂದಿದ್ದೆ." ಪಕ್ಕಕ್ಕೆ ಸರಿಯುತ್ತಾರೆ. "ಗಡಿಗಿ ಈ ಸಲ ಆಕೀ ಕೈಯಾಗ ಕೊಡು. ಚೆಲ್ಲಿದಾಕಿನ ಹೊರಲಿ."

ಅವರ ಹಿಂದೆ ಶರಣವ್ವ. ಶರಣವ್ವನ ಹಿಂದೆ ಹುಡುಗಿಯರು. ನಾಲ್ವರಲ್ಲ, ಏಳು ಮಂದಿ!

"ಅಯ್ಯ, ಮೂವರ ರೊಟ್ಟಿ ಕಡಿಮಿ ಆದುವಲ್ಲ!" ಹನುಮವ್ವನ ದನಿ ಕುಣಿಯುತ್ತದೆ. "ಇರಲಿ, ಕಲಘಟಗಿಯಾಗ ಬಡದರಾತು. ಲಗೂ ನಡೀರಿ!"

ಬೆನ್ನಿಗೆ ಹೆಸರುಕಾಳಿನ ಗಂಟು ಬಿಗಿದುಕೊಳ್ಳುತ್ತಿದ್ದವಳನ್ನು, ಮತ್ತೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಮುಂದೆ ಎರಡೂ ಕೈಯಲ್ಲಿ ಗಡಿಗೆ ಹಿಡಿದು ಹೆಜ್ಜೆ ಎಣಿಸುತ್ತ ಹೊರಟ ಶರಣವ್ವನತ್ತ ಗದ್ದ ಚಾಚಿ ತೋರಿಸುತ್ತಾಳೆ.

"ಇನ್ನೇನ್ ಬೇಕ್ರಿ ಅಕ್ಕಾರ? ಬೆಂಕಿ ಕಾಯಾಕ ಇನ್ನ ನಾ ಒಬ್ಬಾಕಿನ ಅಲ್ಲ."